ಹಗ್ಗಕ್ಕೆ ಸುತ್ತಿದ ಸೇವಂತಿಗೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದ ಅನಸೂಯಮ್ಮನಿಗೆ ಕಣ್ಣು ಹೋದ ಮೇಲೆ ಹಿತ್ತಿಲಿಗೂ ಯಾರಾದರೂ ಕೈ ಹಿಡಿದು ಕರೆದೊಯ್ಯಬೇಕಾಯಿತು. ಕಣ್ಣು ಹೋದದ್ದನ್ನು ಹೇಗೋ ಸಹಿಸಿದಳು. ಈ ಕೈ ಹಿಡಿಸಿಕೊಳ್ಳುವುದು ಮಾತ್ರ ಅವಳಿಗೆ ನುಂಗಲಾರದ ತುತ್ತಾಗಿತ್ತು.

ಅದಕ್ಕೇ ಮಗ ನಿರಂಜನ್, ನೇಕಾರರ ಭವನದ ಹಿಂದೆ ಪಾಳುಬಿದ್ದಿದ್ದ ಜಾಗ ಕೇಳಿ ಪಡೆದು, ಕಣ್ಣು ಕಾಣದವರಿಗೆಂದು ತೋಟ ಮಾಡಿದ. ಸೊಂಟದೆತ್ತರಕ್ಕೆ ಹಗ್ಗ, ಹಗ್ಗದ ಗುಂಟ ಮರುಗ, ದವನ, ತುಳಸಿ. ಹಗ್ಗಕ್ಕೆ ಗಂಟು ಹಾಕಿದವಳು ಅನಸೂಯಮ್ಮನೇ. ಮಗ್ಗದಲ್ಲಿ ಕಡಿದ ಎಳೆ ಕೂಡಿಸಿ ಪಳಗಿದ ಬೆರಳುಗಳು. ಒಂಟಿ ಗಂಟು ಸಿಕ್ಕರೆ ತಿರುವು, ಜೋಡಿ ಗಂಟು ಸಿಕ್ಕರೆ ಮೆಟ್ಟಿಲು.

"ತೋಟದ್ ಪೂಜೆ ದಿನ ಒಬ್ಳೇ ನಡ್ದು ತೋರಿಸ್ತೀನಿ. ಯಾರೂ ಕೈ ಇಡೀಕೂಡ್ದು ಕಣ್ಲಾ" ಎಂದಿದ್ದಳು.

ಪೂಜೆಯ ಬೆಳಿಗ್ಗೆ ನಿರಂಜನನ ಕಣ್ಣಿಗೆ ತೋಟ ಬೋಳುಬೋಳಾಗಿ ಕಂಡಿತು. ನಮ್ಮಲ್ಲಿ ಹೊಸ ಮಗ್ಗಕ್ಕೂ ಹೂವು ಮುಡಿಸದೆ ಕೆಲಸ ಶುರು ಮಾಡುವುದಿಲ್ಲ. ಮೇಲಾಗಿ ಫೋಟೋದವನು ಬೇರೆ ಬರುತ್ತಿದ್ದ. ಮಾರುಗಟ್ಟಲೆ ಸೇವಂತಿಗೆ ತರಿಸಿ, ಹಗ್ಗವೇ ಕಾಣದಂತೆ ಬಿಗಿಯಾಗಿ ಸುತ್ತಿಸಿದ. ಕುರುಡರ ತೋಟವನ್ನು ಕಣ್ಣಿದ್ದವರಿಗೆ ಸಿಂಗರಿಸಿದ ಮಹಾನುಭಾವ!

ಜನರೆಲ್ಲ ನೋಡುತ್ತಿರುವಾಗ ಅನಸೂಯಮ್ಮ ಒಬ್ಬಳೇ ಹೊರಟಳು. ಬೆರಳಿಗೆ ಬರೀ ಹೂವು. ತಿರುವು ತಪ್ಪಿ ಕಾಲು ದವನದ ಪಾತಿಗೆ ಇಳಿಯಿತು. ಮುಂದೆ ಮೆಟ್ಟಿಲಿದೆಯೆಂದು ಗೊತ್ತು, ಎಲ್ಲಿದೆಯೆಂದು ಗೊತ್ತಿಲ್ಲ. ಅಲ್ಲೇ ನಿಂತುಬಿಟ್ಟಳು.

ನಿರಂಜನ್ ಓಡಿಬಂದ.

"ಗಂಟುಗ್ಳೆಲ್ಲಿ ಓದ್ವುಲಾ?" ಎಂದು ಮೆಲ್ಲಗೆ ಕೇಳಿದಳು.

"ಹೂ ಸುತ್ತಿಸ್ಬುಟ್ಟೆ ಕಣವ್ವ... ಚೆಂದಾಗಿರ್ಲಿ ಅಂತ."

ಅವಳು ಹಗ್ಗದಿಂದ ಕೈ ತೆಗೆದಳು. ಆಮೇಲೆ ತಾನಾಗಿಯೇ ಕೈ ಚಾಚಿದಳು. "ಇಡ್ಕೊ. ಜನ ಕಾಯ್ತಾವ್ರೆ."

ಅವನು ಹಿಡಿದುಕೊಂಡ. ಚಪ್ಪಾಳೆ ಬಿತ್ತು. ಭವನದ ಯಜಮಾನ ಗುರುಸ್ವಾಮಿ ಮೈಕಿನಲ್ಲಿ, "ಮಗ ಅಂದ್ರೆ ಇಂಗಿರ್ಬೇಕು ಕಣ್ರಪ್ಪಾ!" ಎಂದರು. ನಾಚಿಕೆಯಿಂದ ನಿರಂಜನನ ಮುಖ ಕಿವಿಯವರೆಗೂ ಸುಟ್ಟಿತು. ತಪ್ಪು ನನ್ನದು, ಇವಳು ಒಬ್ಬಳೇ ನಡೆಯಬಲ್ಲಳು ಎಂದು ಕೂಗಿ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಫೋಟೋದವನು, "ಇತ್ತಗ್ ನೋಡಿ ಸಾ" ಎಂದ. ನಿರಂಜನ್ ನೋಡಿದ. ಹಾಳಾದವನು ನಕ್ಕೂಬಿಟ್ಟ.

ಚಪ್ಪಾಳೆ ನಿಂತ ಮೇಲೆ ಅನಸೂಯಮ್ಮ ಅವನ ಕಡೆ ವಾಲಿ, "ಫೋಟೋ ಚೆಂದಾಗಿ ಬಂತೇನ್ಲಾ?" ಎಂದು ಕೇಳಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.