ಚಾರ್ವಿಯ ಕಿವಿಯ ಹಿಂದೆ, ಗುನಿಲ್ಲಾಳ ಬಟ್ಟಲಿನ ಮೇಲೆ

೧
ಎಲ್ಲಿಂದ ಶುರು ಮಾಡಲಿ? ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ಗ್ರೀಕ್ ಕುಂಬಾರ ಬಟ್ಟಲಿನ ಮೇಲೆ ಎರಡು ದೊಡ್ಡ ಕಣ್ಣು ಬರೆದ ಅಂತ ಒಂದು ಪುಟ ಬರೆದೆ. ನನ್ನ ಕತೆಯೊಳಗಿನ ಪಾವನಾ ರೇಗಿದಳು.

"ಅಲ್ಲಾ ಸ್ವಾಮಿ, ಡಾಗಿಸ್‌ನಿಂದ ಫೋನ್ ಬಂದಿದೆ, ಮಗು ವಿಷ್ಯ, ಅರ್ಜೆಂಟ್ ಅಂತೆ. ನಿಮಗೆ ಕುಂಬಾರ ಬೇಕಾ?"

(ಪುಟ ಹರಿದೆ. ಚೆನ್ನಾಗಿಯೇ ಇತ್ತು, ಬಿಡಿ.)

೨
ಸ್ವೀಡನ್ನಿನ ಲಿಂಕೋಪಿಂಗ್, ೨೦೦೭. ಮೂರು ವರ್ಷದ ಮಗಳು ಚಾರ್ವಿಗೆ ಬೆಳಿಗ್ಗೆ ಹೊಸ ಫ್ರಾಕು ಹಾಕಿ, ಪಾವನಾ ದೃಷ್ಟಿಬೊಟ್ಟನ್ನೂ ಇಟ್ಟಿದ್ದಳು. ಕೆನ್ನೆಗಿಟ್ಟರೆ ಡಾಗಿಸ್‌ನವರು, ಅಂದರೆ ಶಿಶುವಿಹಾರದವರು, ಕೊಳೆ ಎಂದು ಒರೆಸುತ್ತಾರೆ. ಅದಕ್ಕೇ ಕಿವಿಯ ಹಿಂದೆ, ಕೂದಲ ಮರೆಯಲ್ಲಿ. ಟೊಪ್ಪಿಗೆ ಉಜ್ಜಿ ಕಾಡಿಗೆ ಹರಡಿತು. ಟೀಚರ್ ಗುನಿಲ್ಲಾಗೆ ಅದು ಪೆಟ್ಟು ಬಿದ್ದು ಕಪ್ಪುಗಟ್ಟಿದ ಹಾಗೆ ಕಂಡಿತು.

"ಕಿವಿಯ ಹಿಂದೆ ಏನಾಗಿದೆ?" ಎಂದು ಫೋನಿನಲ್ಲಿ ಕೇಳಿದರೆ ನಮ್ಮ ಪಾವನಾ ಗಾಬರಿಯಲ್ಲಿ ಹೇಳಿದ್ದು: "ನಾನೇ ಮಾಡಿದ್ದು. ಅವಳ ಒಳ್ಳೇದಕ್ಕೇ!"

ಡಾಗಿಸ್‌ಗೆ ಹೋಗುವ ಬಸ್ಸು ಹತ್ತಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ಅರ್ಥವಾಯಿತು. ಇಲ್ಲಿ ಮಗುವಿಗೆ ಹೊಡೆದರೆ ನಗರಾಡಳಿತದ ಕಮ್ಯೂನ್‌ನವರು ಮಗುವನ್ನೇ ಕರೆದೊಯ್ಯುತ್ತಾರಂತೆ ಎಂದು ಗಣೇಶನ ಹಬ್ಬದಲ್ಲಿ ಯಾರೋ ಹೇಳಿದ್ದು ನೆನಪಾಯಿತು.

೩ (ಮೊದಲ ಮುಕ್ತಾಯ)
ಕಮ್ಯೂನ್‌ನವರು ಬಂದರು. ಖಾಲಿ ಟೊಪ್ಪಿಗೆ ಹಿಡಿದು ಪಾವನಾ—

"ಸಾಕು ನಿಲ್ಸಿ. ಪ್ರಶಸ್ತಿ ಬೇಕಾದ್ರೆ ಬೇರೆಯವರ ಮಗೂನ ಅಳಿಸಿ."

(ಹೊಡೆದು ಹಾಕಿದೆ.)

೪
ಗುನಿಲ್ಲಾಳ ಮೇಜಿನ ಮೇಲೆ ಫಿಕಾದ, ಅಂದರೆ ಅಲ್ಲಿನವರ ಬಿಡುವಿನ ಹೊತ್ತಿನ, ಕಾಫಿ ಆರುತ್ತಿತ್ತು. ಪಕ್ಕದಲ್ಲೊಂದು ಬಟ್ಟಲು, ಹಳೆಯ ಗ್ರೀಕ್ ಬಟ್ಟಲಿನ ನಕಲು, ಬೇಸಿಗೆ ರಜೆಯಲ್ಲಿ ಗ್ರೀಸಿನಿಂದ ತಂದದ್ದು. ಅದರ ಮೇಲೆ ಎರಡು ದೊಡ್ಡ ಕಪ್ಪು ಕಣ್ಣು. (ನನ್ನ ಕುಂಬಾರ ಬಂದನಲ್ಲ!)

ದೃಷ್ಟಿ ಎನ್ನುವುದಕ್ಕೆ ಇಂಗ್ಲಿಷ್ ಹೊಳೆಯದೆ ತಡವರಿಸುತ್ತಿದ್ದ ಪಾವನಾ ಬಟ್ಟಲು ತೋರಿಸಿದಳು. "ಇದಕ್ಕೆ ಕಣ್ಣು ಯಾಕೆ?"

ಗುನಿಲ್ಲಾ ಬಟ್ಟಲನ್ನು ತುಟಿಗೆತ್ತಿದಳು. ಅವಳ ಮುಖ ಮರೆಯಾಗಿ, ಬಟ್ಟಲಿನ ಕಣ್ಣುಗಳು ಪಾವನಾಳನ್ನೇ ದಿಟ್ಟಿಸಿದವು. "ಕುಡಿಯುವಾಗ ನಮಗೆ ಎದುರಿಗಿರೋದು ಕಾಣಲ್ಲ. ಆಗ ಕೆಟ್ಟದ್ದು ಹತ್ತಿರ ಬರದ ಹಾಗೆ ಇವು ಕಾಯ್ತವಂತೆ."

"ಅದೇ! ಅವಳ ಕಿವಿ ಹಿಂದೆ ಇರೋದೂ ಅದೇ! ನಾನು ಆಫೀಸಲ್ಲಿರ್ತೀನಲ್ಲ... ನನಗೆ ಅವಳು ಕಾಣಲ್ವಲ್ಲ..."

ಗುನಿಲ್ಲಾ ಚಾರ್ವಿಯನ್ನು ಹತ್ತಿರ ಕರೆದು, ಟಿಶ್ಯೂ ಒದ್ದೆ ಮಾಡಿ ಮೆಲ್ಲಗೆ ಒರೆಸಿದಳು. ಕಪ್ಪು ಟಿಶ್ಯೂಗೆ ಬಂತು, ಕಿವಿಯ ಹಿಂದೆ ಬರೀ ಚಾರ್ವಿ ಉಳಿದಳು. "ಅಬ್ಬಾ" ಎಂದು ಮೊದಲು ಉಸಿರುಬಿಟ್ಟವಳು ಗುನಿಲ್ಲಾ, ಸ್ವೀಡಿಶ್‌ನಲ್ಲಿ. ಪಾವನಾಗಂತೂ ಅಳು ತಡೆಯಲಾಗಲಿಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು.

"ಮಮ್ಮ, ಗ್ರೋತ್ ಇಂತೆ," ಅಳಬೇಡ ಎಂದು ಸ್ವೀಡಿಶ್‌ನಲ್ಲೇ ಹೇಳಿದಳು ಚಾರ್ವಿ.

೫ (ಎರಡನೆಯ ಮುಕ್ತಾಯ)
ಗುನಿಲ್ಲಾ ತನಗೂ ಒಂದು ಬೊಟ್ಟು ಇಡು ಎಂದು ಕೆನ್ನೆ ಒಡ್ಡಿದಳು.

"ಓವರ್ ಆಯ್ತು," ಎಂದಳು ಪಾವನಾ. "ಅಷ್ಟು ಚೆನ್ನಾಗಿ ಮುಗಿಸ್ಬೇಡಿ. ಕಣ್ಣು ಬೀಳುತ್ತೆ."

ನನಗೂ ಹಾಗೇ ಅನಿಸಿತು. ಓದುಗರೇ, ತಪ್ಪು ತಿಳಿಯಬೇಡಿ.

೬
ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಚಾರ್ವಿಗೆ ಟೊಪ್ಪಿಗೆ ಹಾಕುವ ಮೊದಲು ಪಾವನಾ ಕಾಡಿಗೆ ಡಬ್ಬಿ ತೆಗೆದು, ಬೆರಳು ಅದ್ದಿ, ಈ ಸಲ ಎಲ್ಲರಿಗೂ ಕಾಣುವ ಹಾಗೆ ●