ಐಸಿನಿಂದ ಮೂರು ಮೊಳ

ಹೆಂಡತಿಯ ಬಲಗಾಲಿನದು ಹಾಕಿಯಾಗಿತ್ತು. ಎಡಗಾಲಿನ ಉಣ್ಣೆಯ ಸಾಕ್ಸು ಹಿಮ್ಮಡಿಯ ಹತ್ತಿರ ಬಂದು ಸಿಕ್ಕಿಕೊಂಡಿತು. ಐಸಣ್ಣ ಅದನ್ನು ಪೂರ್ತಿ ತೆಗೆದು, ಅದರ ಬಾಯಿಯಿಂದ ತುದಿಯವರೆಗೆ ಮಡಿಚಿಕೊಂಡು, ಎಳೆಮಗುವಿಗೆ ತೊಡಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬಂದ. ಹೊರಗೆ ಒಂಬತ್ತು ಗಂಟೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಮಂಚದ ಆಚೆ ಕೂತಿದ್ದ ಕಾಜಕ್ಕ ನೋಡುತ್ತಿದ್ದಳು. ಎದ್ದು ಬಂದು, ಸುರುಟಿಕೊಂಡಿದ್ದ ಸಾಕ್ಸಿನ ಅಂಚನ್ನು ನೇರ ಮಾಡಿ, ಹೋಗಿ ತನ್ನ ಜಾಗದಲ್ಲಿ ಕೂತಳು.

ಅವನ ಹೆಂಡತಿ ಬೆಳಗಿನ ಐದೂವರೆಗೆ ತೀರಿಕೊಂಡಿದ್ದಳು. ಡಾಕ್ಟರು ಬಂದು ನೋಡಿ, ಹೃದಯ ಎಂದರು. ಚಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರೂ ಕೇಳದೆಯೇ ಎರಡು ಸಲ ಹೇಳಿಹೋದರು. ಅವಳನ್ನು ಬಲ್ಲವರಿಗೆಲ್ಲ ಮೊದಲು ಬರುವ ಅನುಮಾನ ಅದೇ ಆಗಿತ್ತು. ತಣ್ಣನೆಯದು ಏನು ತಾಗಿದರೂ ಅವಳ ಮೈಮೇಲೆ ಗಂಧೆ ಏಳುತ್ತಿತ್ತು. ನಲ್ಲಿ ನೀರಿಗೆ ಕೈಯೊಡ್ಡಿದರೆ ಬೆರಳು ಬಾತುಕೊಳ್ಳುತ್ತಿದ್ದವು. ಒದ್ದೆ ತಲೆಗೆ ಗಾಳಿ ಬಡಿದರೆ ಕಿವಿ ಕೆಂಪಾಗಿ ದಪ್ಪಗಾಗುತ್ತಿತ್ತು. ಒಂದು ಗುಟುಕು ತಣ್ಣೀರು ಕುಡಿದರೆ ಗಂಟಲು ಕಟ್ಟುತ್ತಿತ್ತು. ಅಂಥವಳು ಮೂವತ್ತೊಂದು ವರ್ಷ ಐಸ್ ಫ್ಯಾಕ್ಟರಿಯವನ ಜೊತೆ ಸಂಸಾರ ಮಾಡಿದ್ದಳು. ಹೋಟೆಲೊಂದರ ಲಾಂಡ್ರಿಯಲ್ಲಿ, ಬೇರೆಯವರೆಲ್ಲ ಬೆವರು ಒರೆಸಿಕೊಂಡು ಬೈಯುವ ಇಸ್ತ್ರಿ ಮೇಜಿನ ಮುಂದೆ, ಖುಷಿಯಾಗಿ ಇಪ್ಪತ್ತೆರಡು ವರ್ಷ ನಿಂತಿದ್ದಳು. ಅಲ್ಲಿ ಅವಳಿಗೆ ಸ್ವೆಟರಕ್ಕ ಅಂತ ಹೆಸರು. ಅದೇ ಲಾಂಡ್ರಿಯಲ್ಲಿ ಗುಂಡಿ, ಕಾಜಾ ಹೊಲಿಯುತ್ತಿದ್ದವಳು ಕಾಜಕ್ಕ.

"ಭಾವ, ಗಾಡಿ ಬಂತು," ಎಂದು ಹೆಂಡತಿಯ ತಮ್ಮ ಬಾಗಿಲಲ್ಲಿ ನಿಂತು ಹೇಳಿದ. "ಪೆಟ್ಟಿಗೆ ಒಳಗೆ ತರಿಸ್ಲಾ?"

"ಯಾವ ಪೆಟ್ಟಿಗೆ?"

"ಅದೇ, ಫ್ರೀಜರ್ ಪೆಟ್ಟಿಗೆ. ಮಗಳ ಬಸ್ಸು ಬರೋದೇ ಸಂಜೆ ಐದಕ್ಕೆ. ಈ ಬಿಸಿಲಲ್ಲಿ ಅಲ್ಲೀವರೆಗೆ..."

"ಬೇಡ. ಅವಳನ್ನ ಅದರಲ್ಲಿ ಮಲಗಿಸಲ್ಲ."

ತಮ್ಮ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. "ನಂಗೂ ಅಕ್ಕ ಅಲ್ವಾ ಭಾವ? ನಂಗೇನು ಆಸೆನಾ? ಆದ್ರೆ ಇನ್ನು ಅವಳಿಗೆ ಚಳಿ ಏನು, ಸೆಖೆ ಏನು?"

"ನೀನು ಸುಮ್ನಿರಪ್ಪ," ಎಂದಳು ಕಾಜಕ್ಕ. "ಬದುಕಿದ್ದಾಗ ನಾಟಕ ಅಂದಿದ್ದು ಸಾಲದಾ?"

"ನಾನ್ಯಾವಾಗ ಅಂದೆ?"

"ನಿನ್ನ ಮದುವೇಲಿ. ಜ್ಯೂಸ್ ಬೇಡ ಅಂದಿದ್ದಕ್ಕೆ, 'ನಮ್ಮಕ್ಕಂಗೆ ಸ್ವಲ್ಪ ಬಿಂಕ ಜಾಸ್ತಿ' ಅಂತ ಮೈಕಲ್ಲಿ ಹೇಳಿದಂಗೆ ಹೇಳ್ದೆ. ಪಾಪ, ನಿನ್ನ ಮುಖ ಉಳಿಸೋಕೆ ಒಂದು ಗುಟುಕು ಕುಡಿದ್ಲು. ಆಮೇಲೆ ಊಟದ ಮನೆ ಹಿಂದೆ ತುಟಿ ಊದಿಸ್ಕೊಂಡು ಕೂತಿದ್ಲು. ನಾನು ಗಾಳಿ ಹಾಕ್ಲಾ ಅಂದ್ರೆ, ಗಾಳಿ ಬೇಡವೇ ತಾಯಿ ಅಂತ ಕೈಮುಗಿದ್ಲು."

ತಮ್ಮನಿಗೆ ಅದು ಗೊತ್ತಿರಲಿಲ್ಲ. "ಹಾಗಾದ್ರೆ ಮಗಳನ್ನೇ ಕೇಳೋಣ," ಎಂದು ಫೋನು ಹಚ್ಚಿ ಭಾವನ ಕೈಗೆ ಕೊಟ್ಟ.

ಆ ಕಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ಐಸಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಬೇಡ ಅಪ್ಪ," ಎಂದಳು ಮಗಳು ತಕ್ಷಣ. "ಅಮ್ಮನ್ನ ಐಸಲ್ಲಿ ಮಾತ್ರ ಇಡ್ಬೇಡಿ."

"ಹಾಗಾದ್ರೆ ಮಧ್ಯಾಹ್ನದೊಳಗೆ ಮಣ್ಣು ಮಾಡ್ಬೇಕಾಗುತ್ತೆ ಮಗಳೇ."

ಬಸ್ಸು ಎಲ್ಲೋ ನಿಂತು ಮತ್ತೆ ಹೊರಟಿತು. "ನಾನು ನೋಡ್ಬೇಕಪ್ಪ."

"ಎರಡೂ ಹೇಗಾಗುತ್ತೆ?"

"ಗೊತ್ತಿಲ್ಲ. ನೀವೇ ಏನಾದ್ರೂ ಮಾಡಿ."

ಐಸಿಲ್ಲದೆ ಯಾವುದು ಎಷ್ಟು ಹೊತ್ತು ತಾಳುತ್ತದೆ ಎಂಬುದು ಆ ಬೀದಿಯಲ್ಲಿ ಐಸಣ್ಣನಷ್ಟು ಯಾರಿಗೂ ಗೊತ್ತಿರಲಿಲ್ಲ. ಮೀನಿನವರು, ಹಾಲಿನವರು, ಹೂವಿನವರು ಎಲ್ಲ ಅವನನ್ನೇ ಕೇಳಿ ಹೋಗುತ್ತಿದ್ದರು. ಹೀಗಾಗಿ ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಅವನಿಗೆ ದಾರಿಯಿರಲಿಲ್ಲ. ಫೋನು ಹಿಂದಕ್ಕೆ ಕೊಟ್ಟು, "ಗಾಡಿಯವನಿಗೆ ಸ್ವಲ್ಪ ಹೊತ್ತು ನಿಲ್ಲೋಕೆ ಹೇಳು," ಎಂದ.

*

ಐಸಣ್ಣನೂ ಹೆಂಡತಿಯೂ ಮೊದಲ ಸಲ ಕಂಡ ದಿನ ಕ್ಲಿನಿಕ್ಕಿನ ಫ್ರಿಜ್ಜು ಕೆಟ್ಟಿತ್ತು. ಒಂದು ಚಿಕ್ಕ ತುಂಡು ಐಸು ಬೇಕು ಎಂದು ಡಾಕ್ಟರು ಎದುರಿನ ಫ್ಯಾಕ್ಟರಿಗೆ ಹೇಳಿಕಳಿಸಿದರು. ಫ್ಯಾಕ್ಟರಿಯಲ್ಲಿ ಚಿಕ್ಕ ತುಂಡು ಅನ್ನುವುದೇ ಇರಲಿಲ್ಲ. ಇಪ್ಪತ್ತಾರರ ಐಸಣ್ಣ ಅರ್ಧ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು, ನೀರು ತೊಟ್ಟಿಕ್ಕಿಸುತ್ತ ಒಳಗೆ ಬಂದ. ಬೆಂಚಿನ ಮೇಲೆ ಕೂತಿದ್ದ ಹುಡುಗಿ ಅವನನ್ನು ನೋಡಿ ಎದ್ದು ಪರದೆಯ ಹಿಂದೆ ಹೋಗಿ ನಿಂತಳು.

"ಅಯ್ಯೋ, ಪರೀಕ್ಷೆ ಮಾಡ್ಬೇಕಪ್ಪ, ಹೂಳ್ಬೇಕಾಗಿಲ್ಲ," ಎಂದು ಡಾಕ್ಟರು ನಕ್ಕರು.

ಬೆಂಕಿಪೊಟ್ಟಣದಷ್ಟು ಚೂರು ಒಡೆಸಿಕೊಂಡು, ಹುಡುಗಿಯ ಮುಂಗೈಯ ಒಳಭಾಗಕ್ಕೆ ಒತ್ತಿದರು. ಅಷ್ಟರಲ್ಲಿ ಯಾರೋ ಮಗು ಬಿದ್ದಿದೆ ಎಂದು ಎತ್ತಿಕೊಂಡು ಬಂದರು. ಡಾಕ್ಟರು, "ಐದು ನಿಮಿಷ ಹೀಗೇ ಹಿಡ್ಕೊಂಡಿರು," ಎಂದು ಐಸಣ್ಣನಿಗೆ ಹೇಳಿ ಹೋದರು.

ಅವನು ಹಿಡಿದುಕೊಂಡ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತಿದ್ದರು.

"ನಿಮ್ಮ ಕೈಗೆ ಏನೂ ಆಗಲ್ವಾ?" ಎಂದು ಮೂರನೆಯ ನಿಮಿಷದಲ್ಲಿ ಅವಳು ಕೇಳಿದಳು.

"ಅಭ್ಯಾಸ."

"ನಂಗೆ ಅಭ್ಯಾಸನೇ ಆಗ್ತಿಲ್ಲ."

ಐಸು ತೆಗೆದಾಗ ಚರ್ಮ ಬರೀ ಕೆಂಪಾಗಿತ್ತು. ಆಮೇಲೆ, ಕೈ ಬೆಚ್ಚಗಾಗುತ್ತ ಬಂದ ಹಾಗೆ, ಅಲ್ಲೊಂದು ಗಂಧೆ ಎದ್ದಿತು. ಬೆಂಕಿಪೊಟ್ಟಣದಷ್ಟೇ ಉದ್ದ, ಅಷ್ಟೇ ಅಗಲ, ನಾಲ್ಕು ಮೂಲೆಯೂ ಸರಿಯಾಗಿದ್ದ ಗಂಧೆ. ಡಾಕ್ಟರಿಗೆ ಬಹುಮಾನ ಬಂದಷ್ಟು ಸಂತೋಷವಾಯಿತು. ಇದು ಚಳಿಯ ಅಲರ್ಜಿ, ಮೈಯೇ ಹಾಗಿದೆ, ಜೋಪಾನವಾಗಿರಬೇಕು ಎಂದರು. ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಎಂಟು ವರ್ಷದಿಂದ ಎಲ್ಲರೂ ನಾಟಕ ಅಂತಿದ್ರು," ಎಂದು ಅವಳು ಐಸಣ್ಣನಿಗೇ ಕೈ ತೋರಿಸಿದಳು. "ನೀವು ನೋಡಿದ್ರಲ್ಲ? ನೋಡಿದ್ರಿ ತಾನೇ?"

ಮಾರನೆಯ ದಿನ, ಊತ ಇಳಿಯಿತಾ ಎಂದು ಕೇಳಲು ಅವನು ಅವಳ ಮನೆಗೆ ಹೋದ. ಅದರ ಮಾರನೆಯ ದಿನವೂ ಹೋದ. ಊತ ಮೊದಲ ದಿನವೇ ಒಂದು ಗಂಟೆಯಲ್ಲಿ ಇಳಿದಿತ್ತು.

"ಬೆಣ್ಣೆಯಂಥ ಸೊಸೆನ ತಂದಿದಾನೆ, ಎಲ್ಲಿಡೋದು ಹೇಳಿ," ಎಂದು ಅವನ ತಾಯಿ ಬಂದವರೆದುರು ಗೊಣಗುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಹೆಂಡತಿ ತಾನೇ ತಮಾಷೆ ಕಟ್ಟಿದಳು: "ಅಪ್ಪ ಐಸು, ಅಮ್ಮ ಇಸ್ತ್ರಿಪೆಟ್ಟಿಗೆ, ನಮ್ಮ ಕೂಸು ಉಗುರುಬೆಚ್ಚಗೆ."

*

ಹತ್ತೂವರೆಗೆ ಬೀದಿಯ ತುದಿಯಲ್ಲೇ ಸೈರನ್ನಿನ ದನಿ ಕೇಳಿಸಿತು. ಫ್ಯಾಕ್ಟರಿಯಲ್ಲಿ ಐಸಣ್ಣನ ಜೊತೆಗಾರ ಅವನು. ಪಾಳಿ ಮುಗಿದಾಗ ನಿಜವಾದ ಸೈರನ್ನಿಗಿಂತ ಅವನ ಕೂಗೇ ಮೊದಲು ಮುಟ್ಟುತ್ತಿದ್ದುದರಿಂದ ಆ ಹೆಸರು. ಅವನ ಹಿಂದೆ ಸಾಮಾನಿನ ಗಾಡಿಯಲ್ಲಿ, ಮರದ ಹೊಟ್ಟು ಮತ್ತು ಗೋಣಿಯ ಅಡಿಯಲ್ಲಿ, ಆರು ಗಡ್ಡೆ ಐಸು ಬಂತು.

"ನಾನೇ ನಿಂತು ಆರಿಸಿದ್ದು," ಎಂದು ಅವನು ಗೋಣಿ ಸರಿಸಿ ಐಸಣ್ಣನಿಗೆ ತೋರಿಸಿದ. "ನೋಡು, ಒಂದರ ಹೊಟ್ಟೇಲೂ ಬಿಳಿ ಇಲ್ಲ. ಕನ್ನಡಿ ಇದ್ದಂಗಿದೆ."

"ನಿಂಗೆ ಬುದ್ಧಿ ನೆಟ್ಟಗಿದೆಯಾ?" ಎಂದಳು ಕಾಜಕ್ಕ. "ಸ್ವೆಟರಕ್ಕನಿಗೆ ಐಸು ತಂದಿದೀಯಾ?"

ಫ್ಯಾಕ್ಟರಿಯವರಲ್ಲಿ ಯಾರ ಮನೆಯಲ್ಲಿ ಸಾವಾದರೂ ಜೊತೆಗಾರರು ಒಳ್ಳೆಯ ಗಡ್ಡೆ ಆರಿಸಿ ಒಯ್ಯುತ್ತಿದ್ದರು. ಸುದ್ದಿ ಕೇಳಿದೊಡನೆ ಸೈರನ್ನಿನ ಕಾಲು ತಾನಾಗಿಯೇ ಗೋದಾಮಿನ ಕಡೆ ನಡೆದಿತ್ತು. ಯಾರಿಗೆ ಎಂದು ಯೋಚಿಸಿರಲಿಲ್ಲ.

"ಬರೀ ಕೈಲಿ ಹೇಗೆ ಬರೋದು ಅಂತ..." ಎಂದ. ಅವನಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ವಾಪಸ್ ಒಯ್ತೀನಿ ಬಿಡು."

ಐಸಣ್ಣ ಗಡ್ಡೆಯ ಮೇಲೆ ಅಂಗೈ ಇಟ್ಟ. ಕೆಲಸ ಬಿಟ್ಟು ನಾಲ್ಕು ವರ್ಷವಾಗಿತ್ತು. ಆ ಕೈಯನ್ನು ತೆಗೆದು, ಗಡ್ಡೆಗಳನ್ನು ಒಂದೊಂದಾಗಿ ನೋಡಿದ. ಕೋಣೆಯ ಬಾಗಿಲು ನೋಡಿದ. ಆಮೇಲೆ ಕಾಜಕ್ಕನ ಹತ್ತಿರ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇಸಿದುಕೊಂಡು ಒಳಗೆ ಹೋಗಿ, ಮಂಚದ ಕಾಲಿನ ಪಕ್ಕ ಮಂಡಿಯೂರಿ ಕೂತ. ಮೊಣಕೈಯನ್ನು ಮಂಚದ ಕಾಲಿಗೆ ತಾಗಿಸಿ, ಬೆರಳ ತುದಿಯವರೆಗೆ ಒಂದು ಮೊಳ ಅಳೆದ. ಅಲ್ಲಿಂದ ಇನ್ನೊಂದು. ಅಲ್ಲಿಂದ ಮತ್ತೊಂದು. ಅಷ್ಟೇ ದೂರದಲ್ಲಿ ಮಂಚದ ಸುತ್ತ ಗೆರೆ ಎಳೆದ.

*

ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ಭಾನುವಾರ ಅವನು ಒಂದು ಗಡ್ಡೆ ಮನೆಗೆ ತಂದಿದ್ದ. ಪಕ್ಕದ ಮನೆಯ ಮದುವೆಗೆ ಬೇಕಾಗಿತ್ತು. ಒಂದು ರಾತ್ರಿಯ ಮಟ್ಟಿಗೆ ಎಲ್ಲಿಡುವುದು ಎಂದು ಗಂಡಹೆಂಡಿರಿಗೆ ಚರ್ಚೆಯಾಯಿತು.

"ಬೇಲಿ ಹಾಕೋಣ," ಎಂದಳು ಅವಳು. "ನಾನು ಮೆಲ್ಲಗೆ ಹತ್ರ ಬರ್ತೀನಿ. ಕುತ್ತಿಗೇಲಿ ನವೆ ಶುರುವಾದ ಕೂಡಲೇ ನಿಲ್ತೀನಿ. ಅಲ್ಲಿ ಗೆರೆ ಎಳೀರಿ."

ಅವಳು ಕಣ್ಣು ಮುಚ್ಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟಳು. ಮಗಳು ಚಪ್ಪಾಳೆ ತಟ್ಟಿ, ಇನ್ನೂ, ಇನ್ನೂ ಎನ್ನುತ್ತಿದ್ದಳು. ನಾಲ್ಕು ಸಲ ಅಳೆದರು. ನಾಲ್ಕು ಸಲವೂ ಅವನ ಕೈಯಲ್ಲಿ ಮೂರು ಮೊಳವೇ ಬಂತು.

"ನೋಡಿ, ಇಷ್ಟೇ," ಎಂದಳು ಕಣ್ಣು ಬಿಟ್ಟು. "ಮೂರು ಮೊಳ ದೂರ ಇದ್ರೆ ನಂಗೂ ನಿಮ್ಮ ಐಸಿಗೂ ಜಗಳ ಇಲ್ಲ."

ಮುಂದೆ ಅವಳ ಲಾಂಡ್ರಿಯ ಮೇಲ್ವಿಚಾರಕ ತೀರಿಕೊಂಡಾಗ ಇಬ್ಬರೂ ಹೋಗಿದ್ದರು. ಅವನನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಗಾಜಿನ ಒಳಗೆ ಹಬೆ ಕಟ್ಟಿತ್ತು. ಬರುವಾಗ ದಾರಿಯುದ್ದಕ್ಕೂ ಅವಳು ಶಾಲು ಬಿಗಿಯಾಗಿ ಹೊದ್ದುಕೊಂಡಿದ್ದಳು. ಮನೆಯ ಮೆಟ್ಟಿಲು ಹತ್ತುವಾಗ ಹೇಳಿದಳು: "ನನ್ನ ಮಾತ್ರ ಹಾಗೆ ಇಡಬೇಡಿ, ಆಯ್ತಾ?"

ಅವನು ಹೂಂ ಎಂದಿದ್ದ. ಅಷ್ಟೇ ಮಾತು. ಮತ್ತೆ ಅದರ ಪ್ರಸ್ತಾಪ ಬಂದಿರಲಿಲ್ಲ.

*

ಪೆಟ್ಟಿಗೆಯ ಗಾಡಿ ಹಿಂದಕ್ಕೆ ಹೋಯಿತು. ಐಸಣ್ಣ ಮತ್ತು ಸೈರನ್ನು ಸೇರಿ ಆರು ಗಡ್ಡೆಗಳನ್ನೂ ಕೊಕ್ಕೆ ಹಾಕಿ ಒಳಗೆ ಎಳೆದರು. ಹೊಟ್ಟು ಹರವಿದ ಗೋಣಿಯ ಮೇಲೆ, ಗೆರೆಯ ಆಚೆಗೆ, ಗೋಡೆಗುಂಟ ಸಾಲಾಗಿ ನಿಲ್ಲಿಸಿದರು. ಮಂಚ ನಡುವೆ ಉಳಿಯಿತು. ಕಿಟಕಿಗೆ ಒದ್ದೆ ಗೋಣಿ ಬಿತ್ತು. ತಮ್ಮ ಫ್ಯಾನು ತಂದು ಮಂಚದ ಕಡೆ ಮುಖ ಮಾಡಿಟ್ಟ.

"ಗೋಡೆಗೆ ತಿರುಗಿಸು," ಎಂದ ಐಸಣ್ಣ. "ಅವಳ ಮೇಲೆ ಗಾಳಿ ಬೀಳಬಾರದು."

ತಮ್ಮ ತಕ್ಷಣ ತಿರುಗಿಸಿದ.

ಮಧ್ಯಾಹ್ನದ ಹೊತ್ತಿಗೆ ಕೋಣೆಯಲ್ಲಿ ಮೈ ಮುದುಡುವಷ್ಟು ತಂಪಾಯಿತು. ಐಸಣ್ಣ ಗಂಟೆಗೊಂದು ಸಲ ಎದ್ದು, ಕರಗಿದ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಗೆರೆ ಅಳಿಸಿದ್ದಲ್ಲಿ ಮತ್ತೆ ಎಳೆಯುತ್ತಿದ್ದ. ಬೆವರುತ್ತ ಒಳಗೆ ಬಂದ ಲಾಂಡ್ರಿಯ ಹೆಂಗಸರು ಐದು ನಿಮಿಷದಲ್ಲಿ ಸೆರಗು ಹೊದ್ದುಕೊಂಡರು. ಹತ್ತು ನಿಮಿಷದಲ್ಲಿ ಒಬ್ಬಳ ಹಲ್ಲು ಕಟಕಟ ಅಂದಿತು. ಕಾಜಕ್ಕ ಎದ್ದು ಸ್ವೆಟರಕ್ಕನ ಟ್ರಂಕು ತೆರೆದಳು. ಹನ್ನೊಂದು ಸ್ವೆಟರು, ನಾಲ್ಕು ಶಾಲು, ಲೆಕ್ಕವಿಲ್ಲದಷ್ಟು ಮಫ್ಲರು. ಎಲ್ಲದಕ್ಕೂ ಗೆರೆ ಬೀಳುವಂತೆ ಇಸ್ತ್ರಿ.

"ಸ್ವೆಟರಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರೇನ್ರೇ?" ಎಂದಳು ಒಬ್ಬಳು.

"ಹಾಕಿದ ತಕ್ಷಣ ತೊಟ್ಕೊಳ್ತಿದ್ಲು, ಬಿಸಿ ಆರೋ ಮೊದಲು," ಎಂದಳು ಕಾಜಕ್ಕ. "ಹಾಕ್ಕೊಳ್ಳಿ. ಇಷ್ಟು ದಿನ ನಗ್ತಿದ್ರಲ್ಲ, ಈಗ ಎಲ್ಲರೂ ಸ್ವೆಟರಕ್ಕಂದಿರೇ."

ಯಾರೋ ಕಿಸಕ್ಕನೆ ನಕ್ಕರು. ನಕ್ಕವಳೇ ಆಮೇಲೆ ಜೋರಾಗಿ ಅತ್ತಳು. ತಮ್ಮನಿಗೆ ಸಿಕ್ಕಿದ್ದು ಕಂದು ಬಣ್ಣದ್ದು. ತೋಳು ಮೊಣಕೈಗೇ ನಿಂತಿತು. ಗುಂಡಿ ಹಾಕಲು ಬರಲಿಲ್ಲ. ಅವನು ಎರಡೂ ಅಂಚು ಕೈಯಲ್ಲಿ ಎಳೆದು ಹಿಡಿದುಕೊಂಡು ಅಕ್ಕನ ಕಾಲ ದೆಸೆಯಲ್ಲಿ ಕೂತ.

"ಇಷ್ಟು ಚಳಿ ಆಗ್ತಿತ್ತಾ ಇವಳಿಗೆ," ಎಂದ, ಯಾರಿಗೂ ಅಲ್ಲ ಎಂಬಂತೆ.

ಮಗಳು ಬಂದಾಗ ಐದೂ ಇಪ್ಪತ್ತು. ಹೊಸಿಲಲ್ಲಿ ಒಂದು ಕ್ಷಣ ನಿಂತಳು. ಸುಡುಬೇಸಿಗೆಯಲ್ಲಿ ಅಮ್ಮನ ಸ್ವೆಟರು ತೊಟ್ಟು ಕೂತ ಅಷ್ಟೂ ಜನ, ಗೋಡೆಗುಂಟ ಕರಗಿ ಸಣ್ಣದಾದ ಐಸು, ನಡುವೆ ಸುಣ್ಣದ ಗೆರೆ, ಗೆರೆಯ ಒಳಗೆ ಅಮ್ಮ. ಅವಳು ಅಪ್ಪನನ್ನು ನೋಡಿದಳು. ಅಪ್ಪ ಮೂರು ಬೆರಳು ಎತ್ತಿ ತೋರಿಸಿದ. ಅವಳಿಗೆ ಅರ್ಥವಾಯಿತು.

ಒದ್ದೆ ನೆಲದ ಮೇಲೆ ಕಾಲು ಜಾರಿ, ಗಡ್ಡೆಯೊಂದರ ಮೇಲೆ ಕೈಯೂರಿ ಸಾವರಿಸಿಕೊಂಡು ಮಂಚದ ಹತ್ತಿರ ಬಂದಳು. ಬಗ್ಗಿ ಅಮ್ಮನ ಕೆನ್ನೆ ಹಿಡಿದಳು. ಹಿಡಿದವಳೇ ಕೆಂಡ ಮುಟ್ಟಿದಂತೆ ಕೈ ಎಳೆದುಕೊಂಡಳು.

"ಕೈ ತಣ್ಣಗಿತ್ತು," ಎಂದಳು. "ಅಪ್ಪ, ಒದ್ದೆ ಕೈಲಿ ಮುಟ್ಟಿಬಿಟ್ಟೆ."

ಐಸಣ್ಣ ಎದ್ದು ಬಂದ. ಕೆನ್ನೆಯ ಮೇಲೆ ನಾಲ್ಕು ಬೆರಳಿನ ನೀರು ನಿಂತಿತ್ತು. ಅವನು ಅದನ್ನು ತನ್ನ ಅಂಗಿಯ ತುದಿಯಿಂದ ಒತ್ತಿ ಒರೆಸಿದ. ಆಮೇಲೆ ಅಪ್ಪ ಮಗಳು ಇಬ್ಬರೂ ಆ ಜಾಗವನ್ನು ನೋಡುತ್ತ ನಿಂತರು. ಒಂದು ನಿಮಿಷ ಕಳೆಯಿತು. ಎರಡು ಕಳೆಯಿತು. ಐದು ನಿಮಿಷವಾದರೂ ಕೆನ್ನೆ ಕೆಂಪಾಗಲಿಲ್ಲ. ಏನೂ ಏಳಲಿಲ್ಲ. ಚರ್ಮ ಇಸ್ತ್ರಿ ಹಾಕಿದ ಬಟ್ಟೆಯಷ್ಟು ನುಣುಪಾಗಿ ಹಾಗೇ ಇತ್ತು.

ಮಗಳು ಆಗ ಅತ್ತಳು. ತಡೆಯದೆ ಎರಡೂ ಕೈಯಲ್ಲಿ ಅಮ್ಮನ ಮುಖ ಹಿಡಿದು, ಕತ್ತು, ಕಿವಿ, ತುಟಿ ಎಲ್ಲ ಮುಟ್ಟಿದಳು.

"ಹೊತ್ತು ಮುಳುಗೋದ್ರೊಳಗೆ ಹೊರಡ್ಬೇಕು," ಎಂದು ಸೈರನ್ನು ಬಾಗಿಲಿನಿಂದ ಮೆಲ್ಲಗೆ ಹೇಳಿದ. ಹೊರುವವರು ಬೀದಿಯಲ್ಲಿ ಕಾಯುತ್ತಿದ್ದರು.

"ಒಂದೈದು ನಿಮಿಷ," ಎಂದ ಐಸಣ್ಣ.

ಕಾಜಕ್ಕ ಮಗಳ ಭುಜ ಹಿಡಿದು ಎಬ್ಬಿಸಿಕೊಂಡು ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ನಡೆದರು. ಬೀದಿಯ ಸೆಖೆಯಲ್ಲಿ ಅವರು ಸ್ವೆಟರು ಬಿಚ್ಚಲಿಲ್ಲ. ಕೊನೆಗೆ ಹೊರಟ ತಮ್ಮ ಬಾಗಿಲನ್ನು ಮುಂದೆ ಮಾಡಿದ. ಒಳಗೆ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

ಅವಳು ಮಂಚದ ಈ ಅಂಚಿಗೇ ಮಲಗಿದ್ದಳು. ಕೂರಲು ಜಾಗವಿರಲಿಲ್ಲ. ಐಸಣ್ಣ ಒಂದು ಕೈಯನ್ನು ಹಾಸಿಗೆಯ ಮೇಲೆ ಊರಿ ಬಗ್ಗಿದ.

"ಚೂರು ಆ ಕಡೆ ಸರ್ಕೊ," ಎಂದ.