ಸೀತನಿಗೆ ಹೆಣ್ಣು ನೋಡಿದ್ದು

ನನ್ನ ತಮ್ಮ ದಿಗಂಬರ ಜನ್ಮದಲ್ಲಿ ವೈನ್ ಮೂಸಿ ನೋಡಿದವನಲ್ಲ. ಸಂಪಗಾಂವದಲ್ಲಿ ಕೂತು ಜಾತಕ ಕೂಡಿಸುವುದು ಅವನ ಕಸುಬು. ಊರವರ ಮಕ್ಕಳಿಗೆಲ್ಲ ಜೋಡಿ ಹುಡುಕಿಕೊಟ್ಟ ಈ ಮಹಾರಾಯನಿಗೆ ತನ್ನ ಮಗಳು ಗೌತಮಿ ಮೆಚ್ಚಿದ ಹುಡುಗ ಮಾತ್ರ ಒಪ್ಪಿಗೆಯಾಗಲಿಲ್ಲ. "ನಮ್ಮ ಮಂದಿ ಅಲ್ಲ, ಕೂಡೂದಿಲ್ಲ" ಎಂದವನು ಹುಡುಗನ ಮಾರಿಯನ್ನೂ ನೋಡಲಿಲ್ಲ. ಗೌತಮಿ ಅತ್ತಳು, ಊಟ ಬಿಟ್ಟಳು. ನನಗೆ ಬಂದ ಸಿಟ್ಟಿಗೆ ಅವನಿಗೆ ಎರಡು ಬಡಿಯಬೇಕಿತ್ತು. ತಲೆ ನೆರೆತವನು ಅಂತ ಬಿಟ್ಟೆ.

ಆ ಹುಡುಗ ಸಂದೀಪ, ಸವದತ್ತಿಯ ಹಿನ್ನೀರಿನ ದಂಡೆಯ ರೆಸಾರ್ಟಿನಲ್ಲಿ ವೈನ್ ಬಡಿಸುವವನು. ಗೌತಮಿ ಅಲ್ಲಿಯೇ ಮ್ಯಾನೇಜರು. ಅಡಿಗೆಮನೆ ನನ್ನದು. ಈ ತಾರಾಬಾಯಿಯ ಎಣ್ಣೆಗಾಯಿ ಅಂದರೆ ಹುಬ್ಬಳ್ಳಿಯಿಂದ ಕಾರು ಬರುತ್ತವೆ, ಸುಳ್ಳಲ್ಲ.

ಚಳಿಗಾಲದಲ್ಲಿ ನಮ್ಮಲ್ಲಿ ಒಂದು ವಿಶೇಷ ಊಟ ಇರುತ್ತದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತೆಗೆದ ಸೀತನಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪ್ರತಿಯೊಂದರ ಸಂಗಡ ವಿಜಯಪುರದ ಕಡೆಯ ಒಂದು ವೈನು. ಯಾವುದಕ್ಕೆ ಯಾವುದು ಒಪ್ಪುತ್ತದೆಂದು ಹೇಳಲು ಬೆಳಗಾವಿಯಿಂದ ಒಬ್ಬ ತಜ್ಞ ಬರಬೇಕಿತ್ತು. ಅವನು ಕೈಕೊಟ್ಟ.

"ಸರ್, ಜೋಡಿ ಕೂಡಸೋರು ಬರೂದಿಲ್ಲಂತ್ರಿ," ಎಂದು ಗೌತಮಿ ಮಾಲೀಕ ಹಣಮಂತಪ್ಪನವರಿಗೆ ಹೇಳಿದಳು.

"ಅದಕ್ಯಾಕ ಮಾರಿ ಸಣ್ಣ ಮಾಡ್ತಿ ತಂಗಿ? ಸಂಪಗಾಂವದಾಗ ಒಬ್ಬರು ಅದಾರ. ನನ್ನ ಮಗಂದು ಅವರ ಕೂಡಿಸ್ಯಾರ," ಎಂದು ಅವರು ಜೀಪು ಹತ್ತಿಯೇಬಿಟ್ಟರು. ಹಣಮಂತಪ್ಪನವರಿಗೆ ಜೋಡಿ ಎಂದರೆ ಒಂದೇ ಅರ್ಥ. ಆ ಒಬ್ಬರು ಗೌತಮಿಯ ಅಪ್ಪನೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ದಿಗಂಬರ ಬಗಲಲ್ಲಿ ಪಂಚಾಂಗ ಹಿಡಿದು ಇಳಿದ. ಅಡಿಗೆಮನೆಯ ಬಾಗಿಲಲ್ಲಿ ಗೌತಮಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ವಧು-ವರ ಎಲ್ಲಿದ್ದಾರ್ರಿ?" ಎಂದ ದಿಗಂಬರ.

ಹಣಮಂತಪ್ಪನವರು ಬಾಟಲಿಯನ್ನೂ ಬದನೆಕಾಯಿಯನ್ನೂ ತೋರಿಸಿದರು. ಅತಿಥಿಗಳು ಹೊಟ್ಟೆ ಹಿಡಿದು ನಕ್ಕರು. ಬೇರೆಯವನಾಗಿದ್ದರೆ ಬಂದ ದಾರಿ ಹಿಡಿಯುತ್ತಿದ್ದ. ನನ್ನ ತಮ್ಮ ನಾಕು ಮಂದಿ ಕೇಳುವವರಿದ್ದರೆ ಕಲ್ಲಿಗೂ ಕಂಬಕ್ಕೂ ಲಗ್ನ ಮಾಡಿಸುವವನು. ಧೋತರ ಸರಿಪಡಿಸಿಕೊಂಡು ಕೂತ.

"ಈಕಿ ಎಲ್ಲಿ ಬೆಳದಾಕಿ?" ಎಂದು ಬಾಟಲಿಯತ್ತ ಬೆರಳು ತೋರಿಸಿ, ಅದನ್ನು ಹಿಡಿದು ಪಕ್ಕದಲ್ಲಿ ನಿಂತವನನ್ನು ಕೇಳಿದ. ಅವನೇ ಸಂದೀಪ. ಮಾರಿ ನೋಡದ ನನ್ನ ತಮ್ಮನಿಗೆ ಗುರುತು ಹತ್ತಲಿಲ್ಲ.

"ಎರಿ ಹೊಲದಾಗ್ರಿ, ಕರಿ ಮಣ್ಣು."

"ಬದನಿಕಾಯಿನೂ ಎರಿ ಹೊಲದ್ದ. ಸಗೋತ್ರ! ಅಣ್ಣ-ತಂಗಿ ಆಗ್ತಾರ. ಛೇ ಛೇ, ತಗೀರಿ!"

ಅತಿಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಅವನ ತಲೆಗೆ ವೈನಿಗಿಂತ ಬೇಗ ಏರಿತು. ಸಂದೀಪ ಇನ್ನೊಂದು ಬಾಟಲಿ ತಂದು, ಇದು ಕೆಂಪು ಮಣ್ಣಿನ ದ್ರಾಕ್ಷಿ ಎಂದ. ದಿಗಂಬರ ಅದನ್ನು ಸೀತನಿಯ ತಟ್ಟೆಯ ಪಕ್ಕ ಇಡಿಸಿ ಕಣ್ಣು ಮುಚ್ಚಿದ.

"ಕೂಡ್ತು! ಹುಡುಗ ಸೀತನಿ ಕರಿ ಮಣ್ಣಿನಾಂವ, ಹುಡುಗಿ ಕೆಂಪು ಮಣ್ಣಿನಾಕಿ. ಒಬ್ಬರದೊಬ್ಬರಿಗೆ ಗುರ್ತಿಲ್ಲ. ಅದಕ್ಕ ಇವರ ಮಾತು ಜನ್ಮಪೂರ್ತಿ ಮುಗಿಯೂದಿಲ್ಲ!"

"ಮನಿತನಾ ಬ್ಯಾರೆ ಬ್ಯಾರೆ ಅಲ್ಲೇನ್ರಿ?" ಎಂದು ಅತಿಥಿಯೊಬ್ಬರು ಕೆಣಕಿದರು.

"ಮನಿತನಾ ತಗೊಂಡು ಏನು ಉಪ್ಪಿನಕಾಯಿ ಹಾಕ್ತೀರಿ? ಬಾಯಾಗ ಹೆಂಗ ಕೂಡ್ತದ ಅದನ್ನ ನೋಡ್ರಿ!"

"ಸ್ವಾಮೇರ, ನೀವೂ ಒಂದು ಗುಟುಕು ರುಚಿ ನೋಡ್ರಿ," ಎಂದು ಹಣಮಂತಪ್ಪನವರು ಗ್ಲಾಸು ಚಾಚಿದರು.

"ಲಗ್ನಾ ಮಾಡಸೂ ಭಟ್ಟ ರುಚಿ ನೋಡೂದಿಲ್ಲರಿ. ಕೂಡಸೂದಷ್ಟ ಅವನ ಕೆಲಸ."

ನಗು ಇನ್ನೂ ನಿಂತಿರಲಿಲ್ಲ, ಗೌತಮಿ ನನ್ನ ಕೈ ಬಿಟ್ಟು ಹೊರಗೆ ನಡೆದಳು. ಅವಳು ಹೋಗಿ ಸಂದೀಪನ ಪಕ್ಕದಲ್ಲಿ ನಿಂತಳು.

"ಅಪ್ಪಾ, ಇನ್ನೊಂದು ಜೋಡಿ ಉಳದದ. ನಾ ಸಂಪಗಾಂವದ ಕರಿ ಮಣ್ಣಿನಾಕಿ. ಇವರು ಸಂದೀಪ."

ದಿಗಂಬರನ ಮಾರಿ ಹುಳಿ ತಿಂದಂತಾಯಿತು. ಇಷ್ಟು ಹೊತ್ತು ತನಗೆ ಬಾಟಲಿ ತಂದುಕೊಟ್ಟ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಪ್ಪಿಸಿಕೊಳ್ಳಲು ಏನಾದರೂ ಸಿಕ್ಕೀತೇ ಎಂದು, "ಯಾವೂರಪಾ ನಿಂದು?" ಎಂದ.

"ತೊರಗಲ್ಲರಿ," ಎಂದ ಸಂದೀಪ. "ನಮ್ಮ ಹೊಲ... ಕೆಂಪು ಮಣ್ಣರಿ."

ಅತಿಥಿಗಳೆಲ್ಲ ಒಂದೇ ದನಿಯಲ್ಲಿ "ಕೂಡ್ತು!" ಎಂದು ಕೂಗಿದರು. ಹಣಮಂತಪ್ಪನವರಂತೂ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ಕೂಗಿದರು.

ದಿಗಂಬರ ಎಲ್ಲರ ಮಾರಿ ನೋಡಿದ, ಮಗಳ ಮಾರಿ ನೋಡಿದ. ಅವಳ ಕಣ್ಣು ತುಂಬಿತ್ತು. ಕಡೆಗೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದ. "ಅಕ್ಕಾ, ಈ ಹುಡುಗ ಹೆಂಗ? ಹುಳಿಯೋ, ಸಿಹಿಯೋ?"

"ಲಗ್ನಾ ಮಾಡಸೂ ಭಟ್ಟ ರುಚಿ ನೋಡೂದಿಲ್ಲ ಅಂತ ಈಗಷ್ಟ ಅಂದಿ," ಎಂದೆ ನಾನು. "ಸುಮ್ಮನ ಮುಹೂರ್ತ ನೋಡು."

ಅವನು ಕಣ್ಣೊರೆಸಿಕೊಂಡು ಪಂಚಾಂಗ ತೆರೆದ.